ತಲಪಾಡಿ ದಾಟಿದಾಗ ಕಾರಿನ ನೆಟ್ ಏಕೆ ಹೋಗುತ್ತದೆ?

ಮಂಗಳೂರಿನಿಂದ ಕಾಸರಗೋಡಿಗೆ ಕಾರಿನಲ್ಲಿ ಬರುವವರಿಗೆಲ್ಲ ಇದು ಗೊತ್ತು. ತಲಪಾಡಿ ಕಳೆದು ಮಂಜೇಶ್ವರ ಸಮೀಪಿಸುವಷ್ಟರಲ್ಲಿ ಮಾತಾಡುತ್ತಿದ್ದ ಕರೆ ಕಡಿಯುತ್ತದೆ, ಕಾರಿನ ಪರದೆಯ ಮೇಲೆ ನಕ್ಷೆ ನಿಂತಲ್ಲೇ ನಿಲ್ಲುತ್ತದೆ, ಹಾಡು ಅರ್ಧಕ್ಕೆ ಬಾಯಿ ಮುಚ್ಚುತ್ತದೆ. ಅಡ್ಕಸ್ಥಳ ದಾಟಿ ಪೆರ್ಲಕ್ಕೆ ಬರುವಾಗ, ಜಾಲ್ಸೂರಿನಿಂದ ಮುಳ್ಳೇರಿಯದತ್ತ ತಿರುಗಿದಾಗ, ಭಾಗಮಂಡಲದಿಂದ ಪಾಣತ್ತೂರಿಗೆ ಘಟ್ಟ ಇಳಿಯುವಾಗ ಕೂಡ ಅದೇ ಕತೆ. ಹೊಸ ಕಾರು ಕೊಂಡವರು ಕೂಡಲೇ ಸರ್ವಿಸ್ ಸೆಂಟರಿಗೆ ಫೋನ್ ಮಾಡುತ್ತಾರೆ. ಅಲ್ಲಿ ಸಾಫ್ಟ್‌ವೇರ್ ಹೊಸದು ಮಾಡಿ ಕಳಿಸುತ್ತಾರೆ. ಮುಂದಿನ ವಾರ ಅದೇ ತಿರುವಿನಲ್ಲಿ ಅದೇ ತೊಂದರೆ. ನಮ್ಮ ಜಿಲ್ಲೆಯಲ್ಲಿ ಕಾರಿನ ನೆಟ್ ಹೋಗುವುದಕ್ಕೆ ಕಾರೇ ಕಾರಣವಾಗುವುದು ಅಪರೂಪ. ಗಡಿಯೂ ಗುಡ್ಡೆಯೂ ಸೇರಿ ಮಾಡುವ ಕೆಲಸ ಅದು. ಕಾರಣ ತಿಳಿದುಕೊಂಡರೆ ಅರ್ಧ ತೊಂದರೆಯನ್ನು ರಸ್ತೆ ಬದಿಯಲ್ಲೇ ನಿವಾರಿಸಬಹುದು, ಉಳಿದರ್ಧಕ್ಕೆ ಯಾರನ್ನು ಕೇಳಬೇಕು ಎಂಬುದಾದರೂ ಸ್ಪಷ್ಟವಾಗುತ್ತದೆ.

ಮೊದಲು ಮಾಡಬೇಕಾದ ಪರೀಕ್ಷೆ ಒಂದೇ. ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಫೋನನ್ನು ಕಾರಿನಿಂದ ಬಿಡಿಸಿ. ಕೇಬಲ್ ಇದ್ದರೆ ತೆಗೆಯಿರಿ, ಬ್ಲೂಟೂತ್ ಮತ್ತು ವೈಫೈ ಆಫ್ ಮಾಡಿ. ಈಗ ಫೋನಿನಲ್ಲೇ, ಇದುವರೆಗೆ ತೆರೆಯದ ಯಾವುದಾದರೂ ಒಂದು ಪುಟ ತೆರೆಯಲು ನೋಡಿ. ವಾಟ್ಸಾಪ್ ತೆರೆಯಿತೆಂದು ನೆಟ್ ಇದೆ ಎಂದುಕೊಳ್ಳಬೇಡಿ, ಅದರ ಹಳೆಯ ಸಂದೇಶಗಳು ಫೋನಿನೊಳಗೇ ಇರುತ್ತವೆ. ಹೊಸ ಪುಟ ತೆರೆದರೆ ಫೋನಿಗೂ ಟವರಿಗೂ ನಡುವೆ ಎಲ್ಲ ಸರಿಯಿದೆ, ಕೆಟ್ಟಿರುವುದು ಫೋನ್ ಮತ್ತು ಕಾರಿನ ನಡುವಿನ ನಂಟು. ತೆರೆಯದಿದ್ದರೆ ಕಾರಿನ ಒಂದು ಸೆಟ್ಟಿಂಗನ್ನೂ ಮುಟ್ಟಬೇಡಿ. ಎಷ್ಟೋ ಜನ ಇಲ್ಲಿಯೇ ದಾರಿ ತಪ್ಪುತ್ತಾರೆ: ರೇಂಜ್ ಇಲ್ಲದ ಜಾಗದಲ್ಲಿ ನಿಂತು ಕಾರಿನ ಪರದೆಯನ್ನು ಫ್ಯಾಕ್ಟರಿ ರಿಸೆಟ್ ಮಾಡಿ, ಸರಿಯಿದ್ದ ಜೋಡಣೆಯನ್ನೂ ಕಳೆದುಕೊಳ್ಳುತ್ತಾರೆ.

ಗಡಿಯ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ. ನಮ್ಮ ದೇಶದಲ್ಲಿ ಮೊಬೈಲ್ ಸೇವೆಯನ್ನು 22 ಟೆಲಿಕಾಂ ವೃತ್ತಗಳಾಗಿ ಹಂಚಲಾಗಿದೆ. ಕರ್ನಾಟಕ ಒಂದು ವೃತ್ತ, ಕೇರಳ ಇನ್ನೊಂದು. ಕಂಪನಿ ಒಂದೇ ಆದರೂ ಎರಡು ವೃತ್ತಗಳಲ್ಲಿ ಅದರ ಜಾಲಕ್ಕೆ ಗುರುತು ಸಂಖ್ಯೆ ಬೇರೆ. ಬಿಎಸ್‌ಎನ್‌ಎಲ್‌ಗೆ ಕರ್ನಾಟಕದಲ್ಲಿ 404-71, ಕೇರಳದಲ್ಲಿ 404-72. ಏರ್‌ಟೆಲ್‌ಗೆ ಕರ್ನಾಟಕದಲ್ಲಿ 404-45, ಕೇರಳದಲ್ಲಿ 404-95. ಮಂಗಳೂರಿನ ಸಿಮ್ ಹಾಕಿದ ಫೋನಿಗೆ ತಲಪಾಡಿಯ ಆಚೆಗಿನ ಟವರು, ಹೆಸರು ಒಂದೇ ಇದ್ದರೂ, ಬೇರೆ ಜಾಲವೇ. ಒಂದೇ ವೃತ್ತದೊಳಗೆ ಓಡುವ ಕಾರಿನ ಕರೆಯನ್ನು ಒಂದು ಟವರು ಇನ್ನೊಂದು ಟವರಿಗೆ ಕಡಿಯದ ಹಾಗೆ ದಾಟಿಸುತ್ತದೆ. ವೃತ್ತದ ಅಂಚಿನಲ್ಲಿ ಈ ದಾಟಿಸುವಿಕೆ ಬಹಳ ಸಲ ನಡೆಯುವುದಿಲ್ಲ. ಫೋನು ಹಳೆಯ ಜಾಲವನ್ನು ಪೂರ್ತಿ ಕಳೆದುಕೊಂಡು, ಹೊಸದನ್ನು ಹುಡುಕಿ, ಅಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಅಷ್ಟು ಹೊತ್ತು ನೆಟ್ ಇರುವುದಿಲ್ಲ.

ಇದಾದರೂ ಕೆಲವೇ ಕ್ಷಣಗಳ ತೊಂದರೆ. ನಿಜವಾದ ಕಷ್ಟ ಗಡಿಯ ಉದ್ದಕ್ಕೂ ಓಡಾಡುವವರಿಗೆ. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಪಂಚಾಯತುಗಳ ಜನರಿಗೆ ಇದು ದಿನನಿತ್ಯದ ಪಾಡು. ಮಲೆನಾಡ ಹೆದ್ದಾರಿ ಶುರುವಾಗುವ ನಂದಾರಪದವಿನಿಂದ ಚೇವಾರಿನ ಕಡೆಗೆ ಬರುವಾಗ ಫೋನು ಒಮ್ಮೆ ಕೇರಳದ ಟವರನ್ನು ಹಿಡಿಯುತ್ತದೆ, ಗುಡ್ಡೆಯ ಮೇಲೆ ಬಂದ ಕೂಡಲೇ ಕರ್ನಾಟಕದ ಟವರನ್ನು ಹಿಡಿಯುತ್ತದೆ. ಒಮ್ಮೆ ಪಕ್ಕದ ವೃತ್ತದ ಜಾಲ ಹಿಡಿದರೆ, ಅದರ ಎಳೆ ಎಷ್ಟೇ ತೆಳುವಾಗಿದ್ದರೂ ಫೋನು ಸುಲಭಕ್ಕೆ ಬಿಡುವುದಿಲ್ಲ. ತನ್ನ ಸ್ವಂತ ಜಾಲ ಹತ್ತಿರದಲ್ಲಿ ಇದೆಯೇ ಎಂದು ಅದು ಆಗಾಗ ಹುಡುಕುತ್ತದೆ ನಿಜ, ಆದರೆ ಎಷ್ಟು ಹೊತ್ತಿಗೊಮ್ಮೆ ಹುಡುಕಬೇಕೆಂಬುದು ಸಿಮ್ಮಿನಲ್ಲೇ ಬರೆದಿರುತ್ತದೆ. ಅಂತಾರಾಷ್ಟ್ರೀಯ ಮಾನದಂಡದಂತೆ ಈ ಅವಧಿ 6 ನಿಮಿಷದಿಂದ 8 ಗಂಟೆಯವರೆಗೆ ಇರಬಹುದು. ಏನೂ ಬರೆದಿಲ್ಲದಿದ್ದರೆ 60 ನಿಮಿಷ. ಗಂಟೆಗೆ 50 ಕಿ.ಮೀ. ವೇಗದ ಕಾರು 6 ನಿಮಿಷದಲ್ಲೇ 5 ಕಿ.ಮೀ. ಹೋಗಿರುತ್ತದೆ. ಮನೆಯೆದುರು ಕೇರಳದ ಟವರು ಕಾಣುತ್ತಿದ್ದರೂ ಕೇರಳದ ಸಿಮ್ಮಿನ ಫೋನು ಗುಡ್ಡೆಯಾಚೆಯ ಕರ್ನಾಟಕದ ಟವರನ್ನೇ ನೆಚ್ಚಿಕೊಂಡು, ನೆಟ್ ಸುತ್ತುತ್ತಾ ಕುಳಿತಿರುವುದಕ್ಕೆ ಇದೇ ಕಾರಣ.

ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ನೆಟ್ ಬರುತ್ತದೆ ಎಂದು ಎಲ್ಲರೂ ಹೇಳುವುದು ಇದಕ್ಕಾಗಿಯೇ, ಅದರಲ್ಲಿ ಅರ್ಥವಿದೆ. ಹಾಗೆ ಮಾಡಿದಾಗ ಫೋನು ಅವಧಿ ಮುಗಿಯುವ ತನಕ ಕಾಯದೆ ಆ ಕೂಡಲೇ ಹೊಸದಾಗಿ ಹುಡುಕುತ್ತದೆ, ಸ್ವಂತ ಜಾಲ ಸಿಕ್ಕಿದರೆ ಸಾಮಾನ್ಯವಾಗಿ ಅದನ್ನೇ ಹಿಡಿಯುತ್ತದೆ. ಹದಿನೈದು ಇಪ್ಪತ್ತು ಸೆಕೆಂಡು ಬಿಟ್ಟು ತೆಗೆದರೆ ಸಾಕು. ಆದರೂ ಸರಿಯಾಗದಿದ್ದರೆ ಡೇಟಾ ರೋಮಿಂಗ್ ಎಂಬ ಗುಂಡಿಯನ್ನು ನೋಡಿ. ವಿದೇಶಕ್ಕೆ ಹೋದಾಗ ಬಿಲ್ಲು ಏರಬಾರದೆಂದು ಅದನ್ನು ಆಫ್ ಮಾಡಿಟ್ಟವರು, ಅದರಲ್ಲೂ ಗಲ್ಫಿನಿಂದ ರಜೆಗೆ ಬಂದವರು, ಊರಿನಲ್ಲಿ ಗಡಿ ದಾಟಿದಾಗ ಪರದಾಡುತ್ತಾರೆ. ಕೆಲವು ಫೋನುಗಳೂ, ಸಿಮ್ ಹಾಕಿ ಬಳಸುವ ಕಾರಿನ ಪರದೆಗಳೂ, ಡಾಂಗಲ್‌ಗಳೂ ಪಕ್ಕದ ವೃತ್ತವನ್ನು ರೋಮಿಂಗ್ ಎಂದೇ ಲೆಕ್ಕ ಹಾಕುತ್ತವೆ. ಆಗ ಸಿಗ್ನಲ್ ಕಡ್ಡಿಗಳು ತುಂಬ ಇರುತ್ತವೆ, ಕರೆ ಹೋಗುತ್ತದೆ, ನೆಟ್ ಮಾತ್ರ ಇರುವುದಿಲ್ಲ. ಈಗಿನ ಸಾಮಾನ್ಯ ಪ್ಲಾನುಗಳಲ್ಲಿ ದೇಶದೊಳಗಿನ ರೋಮಿಂಗಿಗೆ ಬೇರೆ ಹಣವಿಲ್ಲ, ಹಾಗಾಗಿ ಊರಿನಲ್ಲಿರುವಾಗ ಅದು ಆನ್ ಆಗಿರಲಿ. ಜಾಲವನ್ನು ಕೈಯಾರೆ ಆರಿಸುವ ಸೌಲಭ್ಯವೂ ಇದೆ. ಅದನ್ನು ಬಳಸಿದವರು ಕೆಲಸ ಮುಗಿದ ಮೇಲೆ ಮರಳಿ ‘ಸ್ವಯಂಚಾಲಿತ’ಕ್ಕೆ ತರಬೇಕು, ಇಲ್ಲದಿದ್ದರೆ ಗಡಿಯಾಚೆ ಹೋದಾಗ ಫೋನು ಪೂರ್ತಿ ಸುಮ್ಮನಾಗುತ್ತದೆ.

ಇನ್ನು ಗುಡ್ಡೆ. ಕಾಸರಗೋಡಿನ ನೆಲವೇ ಪದವು ಮತ್ತು ಬೈಲುಗಳದು. ಮುರಕಲ್ಲಿನ ಪದವಿನ ಮೇಲೆ ನಿಂತರೆ ಮೂರು ದಿಕ್ಕಿನ ಟವರುಗಳು ಸಿಗುತ್ತವೆ. ರಸ್ತೆ ಬೈಲಿಗೆ ಇಳಿದು ಅಡಿಕೆ ತೋಟದ ನಡುವೆ ಹೊಳೆ ದಾಟುವಷ್ಟರಲ್ಲಿ ಒಂದೂ ಇಲ್ಲ. ರೇಡಿಯೊ ಅಲೆಗಳಲ್ಲಿ ಕಡಿಮೆ ಆವರ್ತನದವು ದೂರ ಹೋಗುತ್ತವೆ, ಮರಗಿಡ ದಾಟುತ್ತವೆ. ಹೆಚ್ಚು ಆವರ್ತನದವು ವೇಗ ಕೊಡುತ್ತವೆ, ಆದರೆ ಬೇಗ ಸೋಲುತ್ತವೆ. 850, 900 ಮೆಗಾಹರ್ಟ್ಸ್ ಅಲೆ ತಲುಪುವ ತೋಟಕ್ಕೆ 2300 ಮೆಗಾಹರ್ಟ್ಸ್ ಅಲೆ ತಲುಪುವುದಿಲ್ಲ. 5ಜಿಗೆ ಬಳಸುವ 3300 ಮೆಗಾಹರ್ಟ್ಸ್ ಅಂತೂ ಪೇಟೆಯ ಸರಕು. ಸೋನೆ ಮಳೆಯಲ್ಲಿ ನೆನೆದ ಸೋಗೆ, ಎಲೆಗಳು ಅಲೆಯನ್ನು ಇನ್ನಷ್ಟು ಹೀರುತ್ತವೆ. ಆಟಿ ತಿಂಗಳಲ್ಲಿ ನೆಟ್ ಕೆಟ್ಟಿತೆಂದು ಜನ ಹೇಳುವುದು ಬರೀ ಭ್ರಮೆಯಲ್ಲ. ಹಳ್ಳಿ ದಾರಿಯಲ್ಲಿ ಫೋನು 5ಜಿಗೂ 4ಜಿಗೂ ನಡುವೆ ಹಾರಾಡುತ್ತಿದ್ದರೆ ಸೆಟ್ಟಿಂಗಿನಲ್ಲಿ 4ಜಿಗೆ ನಿಲ್ಲಿಸಿಬಿಡಿ, ನಕ್ಷೆಗೂ ಹಾಡಿಗೂ ಅಷ್ಟು ಧಾರಾಳ ಸಾಕು. 4ಜಿ ಹೋದಾಗ ಏನಾಗುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಜಿಯೋಗೆ 2ಜಿಯೇ ಇಲ್ಲ, ಹಾಗಾಗಿ ಕರೆಯೂ ಕಡಿಯುತ್ತದೆ. 3ಜಿಯನ್ನು 2020ರಲ್ಲಿ ನಿಲ್ಲಿಸಿದ ಏರ್‌ಟೆಲ್ 2ಜಿಗೆ ಇಳಿಯುತ್ತದೆ. ಅಲ್ಲಿ ಮಾತಾಡಬಹುದು, ನಕ್ಷೆ ತೆರೆಯದು.

ಆದ್ದರಿಂದ ಗಡಿನಾಡಿನವರಿಗೆ ನನ್ನ ಸಲಹೆ ಖಚಿತವಾದದ್ದು: ಎರಡು ಸಿಮ್ ಇಟ್ಟುಕೊಳ್ಳುವುದಾದರೆ ಒಂದೇ ಕಂಪನಿಯ ಕರ್ನಾಟಕ ಸಿಮ್ ಮತ್ತು ಕೇರಳ ಸಿಮ್ ಇಟ್ಟುಕೊಳ್ಳಬೇಡಿ. ಎರಡೂ ಸಿಮ್ಮುಗಳು ನೆಚ್ಚುವುದು ಅದೇ ಕಂಪನಿಯ ಟವರುಗಳನ್ನೇ. ಎರಡು ಬೇರೆ ಕಂಪನಿಗಳದು ಇರಲಿ, ಅದರಲ್ಲಿ ಒಂದು ನಿಮ್ಮ ಮನೆಯ ಬೈಲಿನಲ್ಲಿ ಸಿಗುವಂಥದ್ದಾಗಿರಲಿ. ಒಂದರಲ್ಲಿ ನೆಟ್ ಹೋದಾಗ ಇನ್ನೊಂದಕ್ಕೆ ತಾನಾಗಿ ಬದಲಾಗುವ ಸೌಲಭ್ಯ ಈಗಿನ ಬಹಳಷ್ಟು ಫೋನುಗಳಲ್ಲಿದೆ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಿಸಲಾಯಿತು. ದೂರ ಸಾಗುವ 700 ಮೆಗಾಹರ್ಟ್ಸ್ ಅಲೆ ಅದರ ಬಳಿ ಇರುವುದರಿಂದ, ಬೆಟ್ಟದ ಬದಿಯವರು ಅದನ್ನು ಎರಡನೆಯ ಸಿಮ್ಮಾಗಿ ಪರೀಕ್ಷಿಸಿ ನೋಡುವುದು ತಪ್ಪಲ್ಲ.

ಕಡ್ಡಿ ತುಂಬ ಇದ್ದು ನೆಟ್ ಇಲ್ಲದಿರುವುದು ಪ್ರತ್ಯೇಕ ರೋಗ. ರೋಮಿಂಗ್ ಗುಂಡಿಯ ಮಾತು ಆಗಲೇ ಆಯಿತು. ದಿನದ ಡೇಟಾ ಮುಗಿದಿದ್ದರೂ ಹೀಗೇ ಕಾಣುತ್ತದೆ: ಹಿಂದಿನ ಸೀಟಿನ ಮಕ್ಕಳು ಹಾಟ್‌ಸ್ಪಾಟಿನಲ್ಲಿ ವಿಡಿಯೊ ನೋಡಿ ಒಂದೂವರೆ ಜಿಬಿ ಮುಗಿಸಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಆ ವೇಗದಲ್ಲಿ ನಕ್ಷೆ ತೆರೆಯುವುದೇ ಇಲ್ಲ. ಅದೂ ಅಲ್ಲವಾದರೆ ಟವರು ಬದುಕಿದ್ದು ಅದಕ್ಕೆ ಬರುವ ಕೇಬಲ್ ಸತ್ತಿರಬಹುದು. ರಾಷ್ಟ್ರೀಯ ಹೆದ್ದಾರಿ 66ನ್ನು ತಲಪಾಡಿಯಿಂದ ಚೆಂಗಳದವರೆಗೆ ಷಟ್ಪಥ ಮಾಡುವಾಗ ನೆಲ ಅಗೆಯದ ಜಾಗವೇ ಇರಲಿಲ್ಲ. ರಸ್ತೆ ಅಗೆಯುವ ಜೆಸಿಬಿಯ ಹಲ್ಲಿಗೆ ಫೈಬರ್ ಸಿಕ್ಕಿದರೆ ಒಂದೇ ಏಟಿಗೆ ಹಲವು ಟವರುಗಳ ನೆಟ್ ಹೋಗುತ್ತದೆ. ಅಗೆಯುವ ಮೊದಲು ಕೇಬಲ್ ಯಾರದೆಂದು ಕೇಳಿ ತಿಳಿಯಲು ಕೇಂದ್ರ ಸರಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನೇ ತಂದಿದೆ. ಪಂಚಾಯತಿನ ಪೈಪ್ ಕೆಲಸದವರೂ ಅದನ್ನು ಬಳಸುವಂತಾಗಬೇಕು. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋದಾಗ ಟವರಿನ ಬ್ಯಾಟರಿಯೂ ಡೀಸೆಲ್ಲೂ ಮುಗಿಯುತ್ತವೆ. ಆಗ ನಿಮ್ಮ ಕೈಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ಫೋನಿನಲ್ಲಿ ನೆಟ್ ಇದ್ದು ಕಾರಿನ ಪರದೆಯಲ್ಲಿ ಇಲ್ಲದಿದ್ದರೆ ಮಾತ್ರ ಕಾರಿನ ಕಡೆಗೆ ಬನ್ನಿ. ವೈರ್ ಇಲ್ಲದ ಆಂಡ್ರಾಯ್ಡ್ ಆಟೊ ಮತ್ತು ಆಪಲ್ ಕಾರ್‌ಪ್ಲೇಗಳಲ್ಲಿ ಫೋನು ಕಾರಿಗೆ ಸೇರುವುದು ವೈಫೈ ಮೂಲಕ. ಬ್ಲೂಟೂತ್ ಪರಿಚಯ ಮಾಡಿಸುತ್ತದೆ ಅಷ್ಟೇ. ಅದೇ ಹೊತ್ತಿಗೆ ಮಕ್ಕಳ ಟ್ಯಾಬಿಗೆಂದು ಹಾಟ್‌ಸ್ಪಾಟ್ ಹಾಕಿದರೆ ಎರಡಕ್ಕೂ ಜಗಳವಾಗುತ್ತದೆ. ಹಾಟ್‌ಸ್ಪಾಟ್ ಆಫ್ ಮಾಡಿ, ಅಥವಾ ಕೇಬಲ್ ಹಾಕಿ ನೋಡಿ. ಕೇಬಲ್ ಹಾಕಿದಾಗ ಚಾರ್ಜ್ ಆಗುತ್ತದೆ, ಪರದೆಯಲ್ಲಿ ಮಾತ್ರ ಏನೂ ಬರುವುದಿಲ್ಲವೆಂದರೆ ಆ ಕೇಬಲ್ ಚಾರ್ಜಿಗೆ ಮಾತ್ರ ಆಗುವಂಥದ್ದು. ಡೇಟಾ ಕೇಬಲ್ ಬೇರೆಯೇ ಬೇಕು. ಹೊರಗಿನ ಅಂಗಡಿಯಲ್ಲಿ ಹಾಕಿಸಿದ, ಸಿಮ್ ಇಲ್ಲದ ಆಂಡ್ರಾಯ್ಡ್ ಪರದೆಗಳು ಫೋನಿನ ಹಾಟ್‌ಸ್ಪಾಟಿನಿಂದಲೇ ನೆಟ್ ಪಡೆಯುತ್ತವೆ. ಕೆಲ ಹೊತ್ತು ಯಾರೂ ಬಳಸದಿದ್ದರೆ ಹಾಟ್‌ಸ್ಪಾಟ್ ತಾನಾಗಿ ಆಫ್ ಆಗುವ ಸೆಟ್ಟಿಂಗು ಫೋನಿನಲ್ಲಿರುತ್ತದೆ. ಊಟಕ್ಕೆ ಇಳಿದು ಬಂದ ಮೇಲೆ ನೆಟ್ ಇಲ್ಲ ಎನ್ನುವವರು ಮೊದಲು ಅದನ್ನು ನೋಡಬೇಕು. ಏಪ್ರಿಲ್ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಕಾದ ಫೋನು ತನ್ನ ರಕ್ಷಣೆಗಾಗಿ ನಿಧಾನವಾಗುತ್ತದೆ, ಎಸಿ ಗಾಳಿ ತಾಗುವಲ್ಲಿ ಇಡಿ. ಲೋಹದ ಅಂಶವಿರುವ ಸನ್‌ಫಿಲ್ಮ್ ಕೂಡ ಸಿಗ್ನಲ್ಲಿಗೆ ಅಡ್ಡಿ.

ಕಾರಿಗೇ ಸ್ವಂತ ಸಿಮ್ ಇರುವ ಮಾದರಿಗಳು ನಮ್ಮಲ್ಲಿ 2019ರಿಂದ ಹೆಚ್ಚಾಗಿ ಬಂದವು. ಆ ವರ್ಷ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್, ಕಿಯಾ ಸೆಲ್ಟೋಸ್ ಮೂರೂ ಒಳಗೇ ಅಂಟಿಸಿದ ಇ-ಸಿಮ್ ಜತೆ ಬಿಡುಗಡೆಯಾದವು. ಅಂಥ ಯಂತ್ರಗಳ ಸಿಮ್ಮಿಗೆ 13 ಅಂಕೆಯ ಸಂಖ್ಯೆ. ಅದನ್ನು ತೆಗೆದು ಬೇರೆ ಕಂಪನಿಯದು ಹಾಕಲು ಬರುವುದಿಲ್ಲ. ಮೊದಲ ಕೆಲವು ವರ್ಷ ಸೇವೆ ಉಚಿತ, ಆಮೇಲೆ ಹಣ ಕಟ್ಟಬೇಕು. ಅವಧಿ ಮುಗಿದದ್ದು ಗೊತ್ತಾಗದೆ ಯಂತ್ರ ಕೆಟ್ಟಿತೆಂದು ತಿಳಿಯುವವರು ಇದ್ದಾರೆ. ಹಳೆಯ ಕಾರು ಕೊಂಡವರು ಆ್ಯಪಿನ ಖಾತೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ದುಬೈಯಲ್ಲಿ ಕುಳಿತು ಊರಿನ ಕಾರು ಎಲ್ಲಿದೆಯೆಂದು ಆ್ಯಪಿನಲ್ಲಿ ನೋಡುವವರಿಗೆ ಒಂದು ಮಾತು: ದಿನಗಟ್ಟಲೆ ನಿಲ್ಲಿಸಿದ ಕಾರಿನ ಸಂಪರ್ಕ ಪೆಟ್ಟಿಗೆ ಬ್ಯಾಟರಿ ಉಳಿಸಲು ನಿದ್ದೆಗೆ ಜಾರುತ್ತದೆ, ತೋಟದ ನಡುವಿನ ಶೆಡ್ಡಿನಲ್ಲಿ ರೇಂಜೂ ಇರುವುದಿಲ್ಲ. ಕಾರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಬಂದರೆ ಗಾಬರಿ ಬೇಡ, ಮನೆಯವರು ಒಮ್ಮೆ ಸ್ಟಾರ್ಟ್ ಮಾಡಿ ರಸ್ತೆಗೆ ತಂದರೆ ಸಾಕು. ಶಾಲಾ ಬಸ್ಸಿನ ಜಿಪಿಎಸ್ ಪೆಟ್ಟಿಗೆಯ ನಡತೆಯೂ ಇಂಥದ್ದೇ. ರೇಂಜ್ ಇಲ್ಲದಲ್ಲಿ ಅದು ದಾರಿಯನ್ನು ತನ್ನೊಳಗೆ ಬರೆದಿಟ್ಟುಕೊಂಡು ಆಮೇಲೆ ಕಳಿಸುತ್ತದೆ, ಆದ್ದರಿಂದ ತಾಯ್ತಂದೆಯರ ಆ್ಯಪಿನಲ್ಲಿ ಬಸ್ಸು ಒಂದೇ ಕಡೆ ನಿಂತಂತೆ ಕಾಣುತ್ತದೆ.

ನಕ್ಷೆಗೆ ನೆಟ್ ಬೇಕು, ನಾವು ಎಲ್ಲಿದ್ದೇವೆಂದು ತಿಳಿಯಲು ನೆಟ್ ಬೇಡ. ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿ.ಮೀ. ಎತ್ತರದಿಂದ ಕಳಿಸುವ ಸಂಕೇತ ಕೋಟಂಚೇರಿಯ ಕಾಡಿನಲ್ಲೂ ಸಿಗುತ್ತದೆ. ಹಾಗಾಗಿ ಮನೆಯಲ್ಲಿ ವೈಫೈ ಇರುವಾಗಲೇ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ: ಕಣ್ಣೂರಿನಿಂದ ಮಂಗಳೂರಿನವರೆಗೆ, ಪುತ್ತೂರು, ಸುಳ್ಯ, ಮಡಿಕೇರಿ ಸೇರುವಂತೆ. ಹೋಗುವ ಜಾಗವನ್ನು ಗುರುತು ಹಾಕಿ ಉಳಿಸಿ, ದಾರಿ ತೋರಿಸುವುದನ್ನು ನೆಟ್ ಇರುವಲ್ಲೇ ಶುರು ಮಾಡಿ ಹೊರಡಿ. ಆದರೆ ಇಳಿಸಿಕೊಂಡ ನಕ್ಷೆಗೆ ಇವತ್ತು ಸೇತುವೆಯ ಮೇಲೆ ನೀರಿದೆಯೆಂದು ತಿಳಿಯುವುದಿಲ್ಲ. ನೆಟ್ ಇರುವ ನಕ್ಷೆಗೂ ತಿಳಿಯುವುದಿಲ್ಲ ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2024ರ ಜೂನ್ ಕೊನೆಯಲ್ಲಿ ಕರ್ನಾಟಕದ ಆಸ್ಪತ್ರೆಯೊಂದಕ್ಕೆ ನಸುಕಿನಲ್ಲೇ ಹೊರಟಿದ್ದ ಇಬ್ಬರು ಯುವಕರು ಗೂಗಲ್ ನಕ್ಷೆ ನೋಡುತ್ತಾ ಪಳ್ಳಂಜಿಯಲ್ಲಿ ತಡೆಗೋಡೆಯಿಲ್ಲದ ಸೇತುವೆಗೆ ಕಾರು ಇಳಿಸಿದರು. ಹೊಳೆ ತುಂಬಿ ಹರಿಯುತ್ತಿತ್ತು. ಕಾರು ಕೊಚ್ಚಿಹೋಗಿ ಮರಕ್ಕೆ ಸಿಕ್ಕಿಕೊಂಡದ್ದರಿಂದ ಅವರು ಹೊರಗೆ ಬಂದು, ಇದ್ದ ಜಾಗವನ್ನು ಫೋನಿನಲ್ಲಿ ತಿಳಿಸಿ, ಅಗ್ನಿಶಾಮಕ ದಳದ ಹಗ್ಗ ಹಿಡಿದು ಬದುಕಿದರು. ಅಲ್ಲಿ ರೇಂಜ್ ಇಲ್ಲದಿರುತ್ತಿದ್ದರೆ ಏನಾಗುತ್ತಿತ್ತೆಂದು ಯೋಚಿಸಲೂ ಭಯವಾಗುತ್ತದೆ. ಮಳೆಗಾಲದ ರಾತ್ರಿ ಒಳದಾರಿ ತೋರಿಸಿದರೆ ಒಪ್ಪಬೇಡಿ. ದೂರವಾದರೂ ಬಸ್ಸು ಓಡುವ ರಸ್ತೆಯಲ್ಲೇ ಹೋಗಿ.

ಅವಘಡವಾದಾಗ ನಿಮ್ಮ ಸಿಮ್ಮಿಗೆ ರೇಂಜ್ ಇಲ್ಲದಿದ್ದರೂ 112ಕ್ಕೆ ಕರೆ ಮಾಡಲು ಪ್ರಯತ್ನಿಸಿ, ತುರ್ತು ಕರೆಗೆ ಬೇರೆ ಕಂಪನಿಯ ಟವರೂ ದಾರಿ ಕೊಡುತ್ತದೆ. ಗಡಿಯಲ್ಲಿ ಆ ಕರೆ ಪಕ್ಕದ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗಬಹುದು. ಆದ್ದರಿಂದ ಮೊದಲ ಮಾತಿನಲ್ಲೇ ರಾಜ್ಯ, ಜಿಲ್ಲೆ, ಪಂಚಾಯತು ಯಾವುದೆಂದು ಹೇಳಿ, ಊರಿನ ಹೆಸರು ಆಮೇಲೆ.

ಇಷ್ಟೆಲ್ಲ ಮಾಡಿದ ಮೇಲೂ ಅದೇ ಜಾಗದಲ್ಲಿ ನೆಟ್ ಹೋಗುತ್ತಿದ್ದರೆ ಅದು ನಿಮ್ಮ ತಪ್ಪಲ್ಲ, ಸೇವೆ ಕೊಡುವವರ ಕೊರತೆ. ಕೇರಳ ಹೈಕೋರ್ಟು 2019ರ ಸೆಪ್ಟೆಂಬರಿನಲ್ಲಿ, ಫಹೀಮಾ ಶಿರಿನ್ ಪ್ರಕರಣದಲ್ಲಿ, ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಭಾಗವೆಂದು ಹೇಳಿದೆ. ಆಸ್ಪತ್ರೆಗೂ ಕಾಲೇಜಿಗೂ ಮಂಗಳೂರನ್ನೇ ನಂಬಿರುವ ಕಾಸರಗೋಡಿನ ಕನ್ನಡಿಗರಿಗೆ ಎರಡು ವೃತ್ತಗಳ ನಡುವಿನ ಈ ಬಿರುಕು ದಿನವೂ ತಟ್ಟುತ್ತದೆ. ರೇಂಜ್ ಬೇಕು, ಟವರ್ ಬೇಡ ಎನ್ನುವ ಜಗಳಗಳೂ ನಮ್ಮ ಊರುಗಳಲ್ಲಿವೆ. ಟವರಿನ ವಿಕಿರಣಕ್ಕೆ ಭಾರತ 2012ರಿಂದ ಅಂತಾರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಭಾಗವನ್ನು ಮಾತ್ರ ಒಪ್ಪುತ್ತದೆ ಎಂಬುದನ್ನು ಆ ಸಭೆಗಳಲ್ಲಿ ಯಾರಾದರೂ ಹೇಳಬೇಕು.

ದೂರು ಕೊಡುವ ಕ್ರಮ ಸುಲಭ. ನಿಮ್ಮ ಕಂಪನಿಯ 198ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ‘ನಮ್ಮ ಕಡೆ ನೆಟ್ ಇಲ್ಲ’ ಎಂದರೆ ಯಾವ ಎಂಜಿನಿಯರಿಗೂ ಉಪಯೋಗವಿಲ್ಲ. ಯಾವ ರಸ್ತೆ, ಯಾವ ಎರಡು ಬಸ್ ತಂಗುದಾಣಗಳ ನಡುವೆ, ಎಷ್ಟು ಹೊತ್ತಿಗೆ, ರೇಂಜೇ ಇಲ್ಲವೋ ಅಥವಾ ರೇಂಜ್ ಇದ್ದು ನೆಟ್ ಇಲ್ಲವೋ, ಇಷ್ಟು ಹೇಳಿ. ಸಿಮ್ ಕರ್ನಾಟಕದ್ದಾಗಿದ್ದರೆ ಜಾಗ ಕೇರಳದ ಕಾಸರಗೋಡು ಜಿಲ್ಲೆಯದ್ದೆಂದು ಒತ್ತಿ ಹೇಳಿ. ಉತ್ತರ ಸರಿಬರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರವಿದೆ, ಅದರಾಚೆ ಕೇಂದ್ರ ದೂರಸಂಪರ್ಕ ಇಲಾಖೆಗೆ ಕೇಂದ್ರ ಸರಕಾರದ ಕುಂದುಕೊರತೆ ಜಾಲತಾಣದ ಮೂಲಕ ಬರೆಯಬಹುದು. ನಿಮ್ಮ ದಿನನಿತ್ಯದ ದಾರಿಯಲ್ಲಿ ನೆಟ್ ಹೋಗುವ ಒಂದು ಜಾಗದ ಬಗ್ಗೆಯಾದರೂ ಈ ವಾರ ದೂರು ದಾಖಲಿಸಿ, ಅದೇ ದಾರಿಯಲ್ಲಿ ಓಡಾಡುವ ನೆರೆಯವರಿಂದಲೂ ಕೊಡಿಸಿ.